ಸವೆತಕ್ಕೆ ದಾರಿ ತೋಡುವ ಗೆರೆಗಳು

ಲಾರಿಯ ಟೈರಿನ ಆಯುಷ್ಯವನ್ನು ತೀರ್ಮಾನಿಸುವುದು ಅದರ ಅತಿ ಸವೆದ ಜಾಗ. ಉಳಿದ ಮೈಯಲ್ಲೆಲ್ಲ ದಪ್ಪ ರಬ್ಬರ್ ಉಳಿದಿದ್ದರೂ ಒಂದು ಅಂಚು ಬೋಳಾದರೆ ಟೈರನ್ನು ಬಿಚ್ಚಲೇಬೇಕು. ಟೈರಿನ ಮೈಮೇಲೆ ಅಚ್ಚೊತ್ತಿರುವ ಕಾಲುವೆಗಳಿಗೆ ಗ್ರೂವ್ ಅಥವಾ ತೋಡು ಎನ್ನಬಹುದು. ಲಾರಿಗಳಲ್ಲಿ ಈ ತೋಡಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಲಾರಿಯ ಮುಂಗಾಲಿಗೆ ಹಾಕುವ, ತೋಡುಗಳು ಸುತ್ತಲೂ ಓಡುವ ಹೊಸ ರಿಬ್ ಟೈರಿನಲ್ಲಿ ತೋಡು ಸುಮಾರು 15 ಮಿ.ಮೀ. ಆಳ ಇರುತ್ತದೆ, ಹಿಂಗಾಲಿನ ಅಡ್ಡ ತೋಡುಗಳ ಲಗ್ ಟೈರಿನಲ್ಲಿ 20 ಮಿ.ಮೀ. ಆಸುಪಾಸು. ಸವೆತ ಸಮನಾಗಿದ್ದರೆ ಈ ಆಳವೆಲ್ಲ ದುಡಿಮೆಗೆ ಬರುತ್ತದೆ. ಓರೆಕೋರೆಯಾದರೆ ಅರ್ಧ ರಬ್ಬರು ದುಡಿಯದೆಯೇ ಗುಜರಿ ಸೇರುತ್ತದೆ. ತೋಡುಗಳ ವಿನ್ಯಾಸಕ್ಕೆ ಎಂಜಿನಿಯರುಗಳು ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ಈ ನಷ್ಟವನ್ನು ತಪ್ಪಿಸಲಿಕ್ಕೆ.

ರಾಜ್ಯದಲ್ಲಿ ಭಾರದ ಲಾರಿಗಳ ಟೈರುಗಳಿಗೆ ಅತಿ ಕಠಿಣ ಪರೀಕ್ಷೆ ನಡೆಯುವ ಸೀಮೆಗಳಲ್ಲಿ ಸಂಡೂರು–ಹೊಸಪೇಟೆ ಒಂದು. ರಂಗಕಲಾವಿದೆಯರ ಊರೆಂದು ಹೆಸರಾದ ಮರಿಯಮ್ಮನಹಳ್ಳಿಯನ್ನು ಹಾದುಹೋಗುವ 50ನೇ ರಾಷ್ಟ್ರೀಯ ಹೆದ್ದಾರಿ, ಹಿಂದಿನ ಸಂಖ್ಯೆಯಲ್ಲಿ 13, ಹೊಸಪೇಟೆಯಿಂದ ಕೂಡ್ಲಿಗಿ ಮೂಲಕ ಚಿತ್ರದುರ್ಗಕ್ಕೆ ಹೆಚ್ಚು ತಿರುವುಗಳಿಲ್ಲದೆ ಸಾಗುತ್ತದೆ. ಇತ್ತ ಸಂಡೂರಿನ ಗುಡ್ಡಗಳಲ್ಲಿ ಗಣಿಯಿಂದ ಸ್ಟಾಕ್‌ಯಾರ್ಡಿಗೆ ಇಳಿಯುವ ದಾರಿಗಳು ತಿರುವು, ಏರು, ಚೂಪುಗಲ್ಲುಗಳಿಂದ ತುಂಬಿವೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕುವ ಮುಂಚಿನ ವರ್ಷಗಳಲ್ಲಿ ಈ ರಸ್ತೆಗಳ ಮೇಲೆ ಅದಿರು ಲಾರಿಗಳ ಸಾಲು ಕಡಿಯುತ್ತಿರಲಿಲ್ಲ. ಮಿತಿ ಮೀರಿದ ಭಾರದ ಸಂಗತಿ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿಯಲ್ಲೂ ದಾಖಲಾಯಿತು. ಈಗ ಅದಿರಿನ ಒಂದು ಪಾಲು ರೈಲಿನಲ್ಲಿ, ಇನ್ನೊಂದು ಪಾಲು ಕನ್ವೇಯರ್ ಪಟ್ಟಿಯ ಮೇಲೆ ಸಾಗುತ್ತದೆ. ಆದರೂ ಟಿಪ್ಪರುಗಳ ಓಡಾಟ ನಿಂತಿಲ್ಲ.

ಅದಿರಿನ ತೂಕ ನೋಡುವವರ ಕಣ್ಣಿಗೆ ಮೋಸ ಮಾಡುತ್ತದೆ. ಶುದ್ಧ ಹೆಮಟೈಟ್ ನೀರಿಗಿಂತ ಐದು ಪಟ್ಟಿಗೂ ಹೆಚ್ಚು ಭಾರ. ಪೆಟ್ಟಿಗೆಯಲ್ಲಿ ಮರಳು ತುಂಬುವ ಎತ್ತರಕ್ಕೇ ಅದಿರನ್ನು ತುಂಬಿದರೆ ತೂಕ ಮಿತಿಯನ್ನು ಆಗಲೇ ದಾಟಿರುತ್ತದೆ. ಹಾಗಾಗಿ ಕಾಯ್ದೆಯಂತೆ ತುಂಬಿದ ಅದಿರು ಲಾರಿ ಅರೆಬರೆ ಖಾಲಿಯಂತೆ ಕಾಣುತ್ತದೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೂರು ಆಕ್ಸಲ್‌ಗಳ ಲಾರಿಯ ಒಟ್ಟು ತೂಕದ ಮಿತಿಯನ್ನು 25 ಟನ್ನಿನಿಂದ 28.5 ಟನ್ನಿಗೆ ಏರಿಸಿತು. ಆ ಭಾರವೆಲ್ಲ ನೆಲಕ್ಕೆ ಇಳಿಯುವುದು ಹತ್ತು ಟೈರುಗಳ ಮೂಲಕ.

ಟೈರಿಗೆ ತೋಡು ಬಂದದ್ದು ಸವೆತದ ಕಾರಣಕ್ಕಲ್ಲ, ಹಿಡಿತಕ್ಕಾಗಿ. ಮೊದಲ ಮೋಟಾರು ಟೈರುಗಳು ನುಣುಪಾಗಿದ್ದವು. 1908ರಲ್ಲಿ ಅಮೆರಿಕದ ಫೈರ್‌ಸ್ಟೋನ್ ಕಂಪನಿ ತನ್ನ ಹೆಸರನ್ನೂ 'ನಾನ್ ಸ್ಕಿಡ್' ಎಂಬ ಮಾತನ್ನೂ ಓರೆಯಾಗಿ ಟೈರಿನ ಮೈಮೇಲೆ ಉಬ್ಬಿಸಿ ಅಚ್ಚು ಹಾಕಿತು. ಜಾಹೀರಾತೇ ಹಿಡಿತವೂ ಆಯಿತು. ಮಳೆನೀರನ್ನು ಆಚೆ ತಳ್ಳುವುದು ತೋಡಿನ ಮುಖ್ಯ ಕೆಲಸವೆಂಬ ತಿಳಿವಳಿಕೆ ಇಂದಿಗೂ ಇದೆ. ಕಾರಿನ ಮಟ್ಟಿಗೆ ಅದು ಸರಿಯೂ ಹೌದು. ಲಾರಿಯ ಲೆಕ್ಕ ಸ್ವಲ್ಪ ಬೇರೆ. ನೀರಿನ ಪದರದ ಮೇಲೆ ಟೈರು ತೇಲಿ ಜಾರಬೇಕಾದರೆ ಬೇಕಾದ ವೇಗ, ಒಳಗಿನ ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಲಾರಿ ಟೈರಿನ ಒತ್ತಡ ಕಾರಿನದರ ಮೂರು ಪಟ್ಟಿಗೂ ಹೆಚ್ಚು. ಭಾರ ಹೊತ್ತ ಲಾರಿ ತನ್ನ ಮಾಮೂಲಿ ವೇಗದಲ್ಲಿ ನೀರಿನ ಮೇಲೆ ತೇಲುವುದು ಅಪರೂಪ. ಆದ್ದರಿಂದ ಇಲ್ಲಿ ತೋಡಿನ ಅಗಲ, ಅಂಚು, ಜಾಗ ಇವನ್ನೆಲ್ಲ ನಿರ್ಧರಿಸುವುದರಲ್ಲಿ ಸವೆತದ ಮಾತು ನೀರಿನ ಮಾತಿನಷ್ಟೇ ಬಲವಾಗಿರುತ್ತದೆ.

ಉರುಳುವುದರಿಂದ ಟೈರು ಹೆಚ್ಚೇನೂ ಸವೆಯುವುದಿಲ್ಲ, ಸವೆಸುವುದು ಉಜ್ಜಾಟ. ಮುಂದಿನ ಒಂದು ಟೈರಿನ ಮೇಲೆ 3.5 ಟನ್ ಭಾರ, ಒಳಗೆ ಚದರ ಸೆಂಟಿಮೀಟರಿಗೆ 8 ಕಿಲೋ ಒತ್ತಡ ಎಂದಿಟ್ಟುಕೊಂಡರೆ ನೆಲಕ್ಕೆ ತಾಗುವ ಜಾಗ ಸುಮಾರು 440 ಚದರ ಸೆಂ.ಮೀ. ಬರುತ್ತದೆ. ಅಂದರೆ ಅತ್ತಿತ್ತ ಒಂದು ಗೇಣು. ಗುಂಡಗಿದ್ದ ಟೈರು ಈ ಜಾಗದಲ್ಲಿ ಚಪ್ಪಟೆಯಾಗಿ, ದಾಟಿದೊಡನೆ ಮತ್ತೆ ಗುಂಡಗಾಗಬೇಕು. ರಬ್ಬರು ಬಾಗುತ್ತದೆ, ಹಿಗ್ಗುತ್ತದೆ. ಆದರೆ ಅದರ ಗಾತ್ರ ಕುಗ್ಗುವುದಿಲ್ಲ. ಅಂಗೈ ಕೆಳಗೆ ಒತ್ತಿದ ರೊಟ್ಟಿ ಹಿಟ್ಟಿನಂತೆ ಅದು ಪಕ್ಕಕ್ಕೆ ಉಬ್ಬಲೇಬೇಕು. ಉಬ್ಬಲು ಜಾಗ ಕೊಡುವುದು ತೋಡು. ಉಬ್ಬುವಾಗ ತೋಡುಗಳ ನಡುವಿನ ರಬ್ಬರ್ ಪಟ್ಟಿಯ ಅಂಚು ನೆಲದ ಮೇಲೆ ಕೂದಲೆಳೆಯಷ್ಟು ಸರಿಯುತ್ತದೆ. ಆ ಸರಿದಾಟವೇ ಲಕ್ಷಾಂತರ ಸುತ್ತುಗಳಲ್ಲಿ ಸವೆತವಾಗುತ್ತದೆ.

ಇದಕ್ಕಿಂತ ದೊಡ್ಡ ಕಾರಣ ಟೈರಿನ ಮೈಯ ಅಡ್ಡ ಬಾಗು. ನಡುಭಾಗ ತುಸು ಉಬ್ಬಿ, ಎರಡೂ ಅಂಚುಗಳು, ಅಂದರೆ ಟೈರಿನ ಹೆಗಲುಗಳು, ತುಸು ತಗ್ಗಿರುತ್ತವೆ. ಹೆಗಲಿನ ತ್ರಿಜ್ಯ ನಡುಭಾಗಕ್ಕಿಂತ 5 ಮಿ.ಮೀ. ಕಡಿಮೆ ಎಂದುಕೊಂಡರೆ ಪ್ರತಿ ಸುತ್ತಿಗೆ ಹೆಗಲು 31 ಮಿ.ಮೀ. ಕಡಿಮೆ ದೂರ ಉರುಳುತ್ತದೆ. 10.00–20 ಅಳತೆಯ ಟೈರು ಕಿಲೋಮೀಟರಿಗೆ ಸುಮಾರು 300 ಸುತ್ತು ಹಾಕುತ್ತದೆ. ವ್ಯತ್ಯಾಸ ಒಂಬತ್ತು ಮೀಟರು ದಾಟಿತು. ಹೊಸಪೇಟೆಯಿಂದ ಚಿತ್ರದುರ್ಗ ಮುಟ್ಟುವಷ್ಟರಲ್ಲಿ ಈ ಲೆಕ್ಕದಲ್ಲಿ ನಡುಭಾಗಕ್ಕಿಂತ ಹೆಗಲು ಒಂದು ಕಿಲೋಮೀಟರಿಗೂ ಹೆಚ್ಚು ಹಿಂದೆ ಬೀಳಬೇಕಿತ್ತು. ಒಂದೇ ಗಾಲಿಯ ಭಾಗವಾದ್ದರಿಂದ ಹಿಂದೆ ಬೀಳುವಂತಿಲ್ಲ. ವ್ಯತ್ಯಾಸದ ಒಂದು ಪಾಲನ್ನು ರಬ್ಬರು ಬಾಗಿ ನುಂಗಿಕೊಳ್ಳುತ್ತದೆ. ಉಳಿದದ್ದಕ್ಕೆ ಹೆಗಲು ನೆಲದ ಮೇಲೆ ಎಳೆದಾಡಿಸಿಕೊಳ್ಳುತ್ತದೆ, ಪ್ರತಿ ಸುತ್ತಿಗೂ ಸಣ್ಣ ಬ್ರೇಕು ಹಾಕಿದಂತೆ. ಹೆದ್ದಾರಿ ಲಾರಿಗಳ ಮುಂದಿನ ಟೈರಿನಲ್ಲಿ ಹೆಗಲು ಮೆಟ್ಟಿಲಿನಂತೆ ತಗ್ಗುವುದು ಹೀಗೆ.

ಒಮ್ಮೆ ತಗ್ಗು ಶುರುವಾದರೆ ಅದು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ತಗ್ಗಿದ ಭಾಗದ ತ್ರಿಜ್ಯ ಇನ್ನಷ್ಟು ಕಡಿಮೆ, ಎಳೆದಾಟ ಇನ್ನಷ್ಟು ಹೆಚ್ಚು, ಸವೆತ ಮತ್ತೂ ಹೆಚ್ಚು. ಹಳೆಯ ನೈಲಾನ್ ಟೈರುಗಳಲ್ಲಿ ಈ ಸಮಸ್ಯೆ ಅಷ್ಟಾಗಿ ಎದ್ದು ಕಾಣುತ್ತಿರಲಿಲ್ಲ, ಏಕೆಂದರೆ ಅವು ಎಲ್ಲ ಕಡೆಯೂ ಬೇಗ ಸವೆಯುತ್ತಿದ್ದವು. ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಪಡೆದ ರೇಡಿಯಲ್ ಟೈರಿನಲ್ಲಿ ಉಕ್ಕಿನ ಪಟ್ಟಿ ಮೈಯನ್ನು ಬಿಗಿಯಾಗಿ ಹಿಡಿದಿಡುವುದರಿಂದ ಸವೆತ ಬಹಳ ನಿಧಾನ. ಕರ್ನಾಟಕ ಸರ್ಕಾರದ ಪಾಲುದಾರಿಕೆಯಲ್ಲಿ ಶುರುವಾಗಿ 1997ರಲ್ಲಿ ಜೆ.ಕೆ. ಸಂಸ್ಥೆಯ ಕೈಸೇರಿದ ಮೈಸೂರಿನ ವಿಕ್ರಾಂತ್ ಕಾರ್ಖಾನೆ, ದೇಶದಲ್ಲಿ ಲಾರಿ ರೇಡಿಯಲ್ ಟೈರುಗಳು ತಯಾರಾದ ಮೊದಲ ತಾಣಗಳಲ್ಲೊಂದು. ನಿಧಾನ ಸವೆತದ ಇನ್ನೊಂದು ಮುಖವೇನೆಂದರೆ, ಸಣ್ಣ ಅಸಮತೋಲನಗಳಿಗೆ ಬೆಳೆಯಲು ಬೇಕಾದಷ್ಟು ಸಮಯ ಸಿಗುತ್ತದೆ. ನೇರ ಹೆದ್ದಾರಿಯಲ್ಲಿ ಸಾವಿರಾರು ಕಿಲೋಮೀಟರು ಓಡಿದ ರೇಡಿಯಲ್ ಟೈರಿನ ತೋಡಿನ ಇಕ್ಕೆಲಗಳಲ್ಲಿ ಹೊಳೆದಂಡೆ ಕೊರೆದಂಥ ಸವೆತ ಕಾಣುತ್ತದೆ. ಟೈರು ಎಂಜಿನಿಯರುಗಳು ಅದನ್ನು 'ರಿವರ್ ವೇರ್' ಎನ್ನುತ್ತಾರೆ. ಸಂಡೂರಿನ ತಿರುವುಗಳಲ್ಲಿ ದುಡಿಯುವ ಟಿಪ್ಪರಿನಲ್ಲಿ ಇದು ವಿರಳ. ಅಲ್ಲಿ ಮೈಯೆಲ್ಲ ಬೇಗ ಸವೆದು ಈ ಗುರುತುಗಳನ್ನು ಅಳಿಸಿಹಾಕುತ್ತದೆ.

ಹೆಗಲಿನ ಸವೆತಕ್ಕೆ ವಿನ್ಯಾಸಕಾರರು ಕಂಡುಕೊಂಡ ಉಪಾಯ ನಿಜಕ್ಕೂ ಜಾಣತನದ್ದು. ಹೆಗಲಿನ ತುದಿಗೆ ಸಮೀಪದಲ್ಲಿ, ಟೈರಿನ ಸುತ್ತಲೂ, ಕೆಲವೇ ಮಿಲಿಮೀಟರು ಅಗಲದ ಆಳವಾದ ತೋಡೊಂದನ್ನು ಕೊರೆಯುತ್ತಾರೆ. ಅದರಾಚೆ ಒಂದು ಕಿರುಪಟ್ಟಿ ಉಳಿಯುತ್ತದೆ. ಈ ಕಿರುಪಟ್ಟಿಯನ್ನು ಬೇಕೆಂದೇ ಪಕ್ಕದ ದೊಡ್ಡ ಪಟ್ಟಿಗಿಂತ ತುಸು ತಗ್ಗಿಸಿರುತ್ತಾರೆ. ಭಾರ ಬಿದ್ದಾಗ ಅದು ನೆಲ ಮುಟ್ಟುತ್ತದೆ, ಆದರೆ ತ್ರಿಜ್ಯ ಕಡಿಮೆಯಾದ್ದರಿಂದ ಎಳೆದಾಟವೆಲ್ಲ ಅದರ ಪಾಲಿಗೆ ಬರುತ್ತದೆ. ಬ್ರೇಕಿನ ದಿಕ್ಕಿನ ಬಲ ಅಲ್ಲಿ ಕೇಂದ್ರೀಕರಿಸಿದಷ್ಟೂ ಒಳಗಿನ ಪಟ್ಟಿಗಳ ಮೇಲಿನ ಹೊರೆ ಇಳಿಯುತ್ತದೆ. ತಗ್ಗಿದ್ದು ಇನ್ನೂ ತಗ್ಗುತ್ತದೆ ಎಂಬ, ಹೆಗಲನ್ನು ಹಾಳುಮಾಡುವ ಅದೇ ನಿಯಮವನ್ನು ಇಲ್ಲಿ ಕಾವಲಿಗೆ ನಿಲ್ಲಿಸಲಾಗಿದೆ. ಕಿರುಪಟ್ಟಿ ತಾನು ಸವೆದು ಪಕ್ಕದವರನ್ನು ಉಳಿಸುತ್ತದೆ. ತೋಡು ನಡುವೆ ಇರುವುದರಿಂದ ಅದರ ಸವೆತ ಒಳಗೆ ಹರಡುವುದಿಲ್ಲ. ಬ್ರಿಜ್‌ಸ್ಟೋನ್, ಗುಡ್‌ಇಯರ್, ಮಿಶೆಲಿನ್ ಮೊದಲಾದ ಕಂಪನಿಗಳೆಲ್ಲ ಹೆಗಲಿನ ಈ ಕಿರುತೋಡನ್ನು ತಂತಮ್ಮ ಬಗೆಯಲ್ಲಿ ಬಳಸಿವೆ.

ಆದರೆ ಇದು ಎಲ್ಲ ಲಾರಿಗೂ ಹೊಂದುವ ಮದ್ದಲ್ಲ. ಯಾರ್ಡಿನಲ್ಲಿ ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಲಾರಿ ಹೊರಳಿಸುವಾಗ, ಅದಿರಿನ ಉಂಡೆಗಳ ಮೇಲೆ ಹತ್ತಿಳಿಯುವಾಗ, ಆ ತೆಳು ಕಿರುಪಟ್ಟಿ ಹರಿದು ಕಿತ್ತುಬರುತ್ತದೆ. ಗಣಿಯ ಟಿಪ್ಪರಿಗೆ ಅಗಲವಾದ, ಇಡಿಯಾದ ಹೆಗಲೇ ಲೇಸು. ಕಿರುತೋಡಿನ ಟೈರು ಮರಿಯಮ್ಮನಹಳ್ಳಿ ದಾಟಿ ದೂರದೂರಿಗೆ ಓಡುವ ಹೆದ್ದಾರಿ ಲಾರಿಗೆ ಸರಿ.

ರಿವರ್ ವೇರ್‌ಗೆ ಮದ್ದು ಇನ್ನೂ ಸೂಕ್ಷ್ಮವಾದದ್ದು. ಪಟ್ಟಿಯ ಅಂಚಿನುದ್ದಕ್ಕೂ ಬ್ಲೇಡಿನಷ್ಟು ತೆಳುವಾದ ಚಿಕ್ಕ ಸೀಳುಗಳನ್ನು ಒತ್ತೊತ್ತಾಗಿ ಹಾಕುತ್ತಾರೆ. ಅವು ಅಂಚನ್ನು ಮೆದುವಾಗಿಸುತ್ತವೆ. ಅಂಚು ನೆಲದ ಮೇಲೆ ಸರಿಯುವ ಬದಲು ಬಾಗಿ ಹೋಗುತ್ತದೆ. ತೋಡಿನ ತಳವನ್ನು ಮೂಲೆಯಾಗಿ ಬಿಡದೆ ಗುಂಡಗೆ ಮಾಡುವುದಕ್ಕೆ ಕಾರಣ ಬೇರೆ: ಮೂಲೆಯಲ್ಲಿ ಒತ್ತಡ ಕೂಡಿಕೊಂಡು ಬಿರುಕು ಬಿಡುತ್ತದೆ.

ಹಿಂಗಾಲಿನ ಲಗ್ ಟೈರಿನಲ್ಲಿ ತೋಡು ಅಡ್ಡಕ್ಕೆ ಹರಿದು ರಬ್ಬರನ್ನು ಬಿಡಿ ತುಂಡುಗಳಾಗಿ ಒಡೆಯುತ್ತದೆ. ಚಾಲಕರ ಬಾಯಲ್ಲಿ ಇವು ಬಟನ್. ಕೆಂಪು ಮಣ್ಣಿನ ಏರಿನಲ್ಲಿ ಕಚ್ಚಿಕೊಳ್ಳಲು ಇವು ಬೇಕೇಬೇಕು. ಆದರೆ ಒಂಟಿಯಾಗಿ ನಿಂತ ಬಟನ್ ನೆಲ ಮುಟ್ಟುವಾಗ ಒಂದು ರೀತಿ, ಬಿಡುವಾಗ ಇನ್ನೊಂದು ರೀತಿ ಬಾಗುತ್ತದೆ. ಎಂಜಿನ್ನಿನ ಎಳೆತ, ಬ್ರೇಕಿನ ಹಿಡಿತ ಎರಡೂ ಸೇರಿ ಅದರ ಒಂದು ಅಂಚನ್ನು ಹೆಚ್ಚು ಸವೆಸುತ್ತವೆ. ಮೈ ಗರಗಸದ ಹಲ್ಲಿನಂತಾಗುತ್ತದೆ. ಪಕ್ಕಪಕ್ಕದ ಬಟನ್‌ಗಳ ನಡುವೆ ತೋಡಿನ ತಳದಲ್ಲಿ ರಬ್ಬರಿನ ಸೇತುವೆ ಬಿಟ್ಟರೆ ಅವು ಒಂದಕ್ಕೊಂದು ಆಸರೆಯಾಗಿ ಬಾಗು ಕಡಿಮೆಯಾಗುತ್ತದೆ. ಸೇತುವೆ ಹೆಚ್ಚಾದರೆ ಮಣ್ಣು ಮೆತ್ತಿಕೊಂಡು ಹಿಡಿತ ತಪ್ಪುತ್ತದೆ. ಇನ್ನು ಆಳ ಹೆಚ್ಚಿಸುತ್ತ ಹೋದರೆ ರಬ್ಬರಿನ ದಪ್ಪವೂ ಹೆಚ್ಚಬೇಕು, ಒಳಗಿನ ಕಾವು ಹೊರಬರುವುದಿಲ್ಲ. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಇದು ಸಣ್ಣ ಮಾತಲ್ಲ.

ತಿರುವಿನಲ್ಲಿ ಹಿಂದಿನ ಜೋಡಿ ಆಕ್ಸಲ್‌ಗಳಿಗೆ ಜ್ಯಾಮಿತಿಯೇ ಶತ್ರು. ಯಾವ ಗಾಲಿಯೂ ಅಡ್ಡಕ್ಕೆ ಉಜ್ಜದೆ ತಿರುಗಬೇಕಾದರೆ ಎಲ್ಲ ಆಕ್ಸಲ್‌ಗಳ ಗೆರೆಗಳು ಒಂದೇ ಬಿಂದುವಿನಲ್ಲಿ ಕೂಡಬೇಕು. ಒಂದಕ್ಕೊಂದು ಸಮಾನಾಂತರವಾಗಿರುವ ಎರಡು ಆಕ್ಸಲ್‌ಗಳು ಎಂದೂ ಕೂಡುವುದಿಲ್ಲ. ಯಾವ ತೋಡೂ ಇದನ್ನು ತಪ್ಪಿಸಲಾರದು. ಜೋಡಿ ಟೈರುಗಳಲ್ಲಿ ಒಂದು ಹೊಸದು, ಒಂದು ಹಳೆಯದು ಹಾಕಿದರೂ ಅಷ್ಟೇ: ದೊಡ್ಡದು ಹೆಚ್ಚು ಭಾರ ಹೊರುತ್ತದೆ, ಸವೆದು ಚಿಕ್ಕದಾದದ್ದು ನೆಲದ ಮೇಲೆ ಎಳೆದಾಡಿಸಿಕೊಳ್ಳುತ್ತದೆ.

ಅದಿರು ಸೀಮೆಯಲ್ಲಿ ತೋಡಿಗೆ ಇನ್ನೊಂದು ಪೀಡೆ ಕಲ್ಲು. ಇಳಿಜಾರಿಲ್ಲದ ನೇರ ಗೋಡೆಯ ತೋಡು ಕಲ್ಲಿನ ಚೂರನ್ನು ಕಚ್ಚಿ ಹಿಡಿಯುತ್ತದೆ. ಪ್ರತಿ ಸುತ್ತಿನಲ್ಲೂ ಭಾರ ಅದನ್ನು ಒಳಕ್ಕೆ ಒತ್ತಿ, ಕೊನೆಗೆ ತಳದ ರಬ್ಬರು ತೂತಾಗಿ ಉಕ್ಕಿನ ಪಟ್ಟಿಗೆ ನೀರು ತಾಗುತ್ತದೆ, ತುಕ್ಕು ಹಿಡಿಯುತ್ತದೆ. ಆದ್ದರಿಂದ ಗೋಡೆಗಳನ್ನು ಮೇಲಕ್ಕೆ ಅಗಲವಾಗುವಂತೆ ಓರೆಯಾಗಿಸುತ್ತಾರೆ. ತಳದಲ್ಲಿ ಚಿಕ್ಕ ಉಬ್ಬುಗಳನ್ನಿಟ್ಟು ಕಲ್ಲು ತಾನಾಗಿ ಹೊರಬೀಳುವಂತೆ ಮಾಡುತ್ತಾರೆ.

ಇಷ್ಟೆಲ್ಲ ಜಾಣತನವನ್ನೂ ಸ್ಟೇರಿಂಗಿನ ಸಣ್ಣ ಓರೆ ನುಂಗಿಹಾಕಬಲ್ಲದು. ಗಾಲಿ ಮೀಟರಿಗೆ 1 ಮಿ.ಮೀ.ನಷ್ಟು ಓರೆಯಾಗಿದ್ದರೆ ಪ್ರತಿ ಕಿಲೋಮೀಟರಿಗೆ ಟೈರನ್ನು 1 ಮೀಟರು ಅಡ್ಡಕ್ಕೆ ಎಳೆದಂತೆ. ಗಾಳಿ ಕಡಿಮೆಯಾದರೆ ಎರಡೂ ಹೆಗಲು, ಹೆಚ್ಚಾದರೆ ನಡುಭಾಗ ಬೇಗ ಸವೆಯುತ್ತದೆ. ಸವೆತದ ಗುರುತು ನೋಡಿಯೇ ದೋಷ ಎಲ್ಲಿದೆಯೆಂದು ಹೇಳಬಲ್ಲವರು ಪಂಕ್ಚರ್ ಅಂಗಡಿಗಳಲ್ಲಿದ್ದಾರೆ. ಪಟ್ಟಿಗಳ ಮೇಲೆ ಅಡ್ಡಕ್ಕೆ ಅಂಗೈ ಆಡಿಸಿದಾಗ ಒಂದು ಕಡೆಗೆ ನುಣುಪು, ಮರಳುವಾಗ ಚೂಪು ತಾಗಿದರೆ ಅಲೈನ್‌ಮೆಂಟ್ ಕೆಟ್ಟಿದೆ ಎಂದರ್ಥ.

ಸಮನಾಗಿ ಸವೆದ ಟೈರಿಗೆ ಎರಡನೇ ಜನ್ಮವೂ ಉಂಟು. ಒಳಗಿನ ಚೌಕಟ್ಟು ಗಟ್ಟಿಯಿದ್ದರೆ ಹಳೆಯ ಮೈ ಕೆರೆದು, ತೋಡು ಸಮೇತ ಅಚ್ಚು ಹಾಕಿದ ಹೊಸ ಪಟ್ಟಿ ಅಂಟಿಸಿ ಬೇಯಿಸುತ್ತಾರೆ, ಇದು ರೀಸೋಲ್. ರಿಬ್ ಟೈರಾಗಿ ಮುಂದೆ ದುಡಿದದ್ದು ಲಗ್ ಮೈ ಹೊತ್ತು ಹಿಂಗಾಲಿಗೆ ಬರಬಹುದು. ಒಂದು ಹೆಗಲು ಉಕ್ಕಿನ ತಂತಿಯವರೆಗೆ ಸವೆದ ಟೈರಿಗೆ ಈ ಭಾಗ್ಯವಿಲ್ಲ. ಬೋಳು ಟೈರಿಗೆ ಕಾದ ಬ್ಲೇಡಿನಿಂದ ಹೊಸ ತೋಡು ಕೊರೆಯುವ ರೂಢಿಯೂ ಇದೆ. ಪಕ್ಕದ ಗೋಡೆಯ ಮೇಲೆ 'ರೀಗ್ರೂವಬಲ್' ಎಂದು ಅಚ್ಚಾಗಿದ್ದರೆ ಮಾತ್ರ ಅದು ಸರಿ: ಅಂಥ ಟೈರಿನಲ್ಲಿ ತೋಡಿನ ತಳಕ್ಕೂ ಉಕ್ಕಿನ ಪಟ್ಟಿಗೂ ನಡುವೆ ಕೊರೆಯಲೆಂದೇ ಹೆಚ್ಚಿನ ರಬ್ಬರು ಇಟ್ಟಿರುತ್ತಾರೆ. ಉಳಿದವುಗಳಲ್ಲಿ ಬ್ಲೇಡು ನೇರ ತಂತಿಯ ಹತ್ತಿರಕ್ಕೆ ಹೋಗುತ್ತದೆ. ಕಣ್ಣಿಗೆ ಹೊಸದಾಗಿ ಕಾಣುವ ಆ ಟೈರು ಭಾರ ಮತ್ತು ಬಿಸಿಲು ಎರಡೂ ಏರಿದ ಹೊತ್ತಿನಲ್ಲಿ ಸಿಡಿಯಬಹುದು.