ಸುಟ್ಟ ಕಬ್ಬಿನ ಮೇಲೆ ಕಿತ್ತಳೆ ಹುಡಿ

ಬನ್ನೂರು, ತಿರುಮಕೂಡಲು ನರಸೀಪುರಗಳ ಕಡೆಯವರಿಗೆ ಕಬ್ಬಿನ ಗದ್ದೆಯ ಬೆಂಕಿ ಹೊಸದಲ್ಲ. ಕಡಿದ ಕಬ್ಬು ಆಲೆಮನೆಗೋ ಕಾರ್ಖಾನೆಗೋ ಸಾಗಿದ ಮೇಲೆ ಉಳಿದ ತರಗಿಗೆ ಕಿಚ್ಚಿಡುವ ವಾಡಿಕೆ ಬಹುಕಾಲದಿಂದ ನಡೆದುಬಂದಿದೆ. ಇಂತಹ ಸುಟ್ಟ ಗದ್ದೆಯಲ್ಲಿ, ಕೆಲವೇ ದಿನಗಳೊಳಗೆ, ಕರಿದ ಮೋಟುಗಳ ಮೇಲೆ ಕಿತ್ತಳೆ ಬಣ್ಣದ ನುಣುಪಾದ ಹುಡಿಯೊಂದು ಕಾಣಿಸಿಕೊಳ್ಳುವುದುಂಟು. ಅದು ಬೆಳೆಯ ರೋಗವಲ್ಲ, ಅಪಶಕುನವೂ ಅಲ್ಲ. ಅದರ ಹೆಸರು ನ್ಯೂರೊಸ್ಪೊರ. ಅದೊಂದು ಬಗೆಯ ಬೂಷ್ಟು.

ಬೆಂಕಿ ಎಲ್ಲವನ್ನೂ ಕೊಲ್ಲುವುದಾದರೆ ಇದು ಹೇಗೆ ಹುಟ್ಟಿತು? ಇದರ ಒಂದು ಬಗೆಯ ಬೀಜಕಣಗಳು ಮಣ್ಣಿನಲ್ಲಿ ಗಾಢನಿದ್ರೆಯಲ್ಲಿರುತ್ತವೆ. ಸುಮಾರು 60 ಡಿಗ್ರಿ ಸೆಲ್ಸಿಯಸ್ ಕಾವು ಅರ್ಧ ಗಂಟೆ ತಾಗಿದರೆ ಅವು ಎಚ್ಚರಗೊಂಡು ಮೊಳೆಯುತ್ತವೆ. ಉಳಿದ ಜೀವಿಗಳಿಗೆ ಚಿತೆಯಾದುದು ಇದಕ್ಕೆ ತೊಟ್ಟಿಲು! 1843ರಲ್ಲಿ ಪ್ಯಾರಿಸ್ಸಿನ ರೊಟ್ಟಿಯಂಗಡಿಗಳನ್ನು ಕಾಡಿದುದೂ, ಬೀಡಲ್ ಮತ್ತು ಟೇಟಮ್ ಎಂಬ ವಿಜ್ಞಾನಿಗಳಿಗೆ 1958ರಲ್ಲಿ ನೊಬೆಲ್ ಪಾರಿತೋಷಕ ತಂದುಕೊಟ್ಟುದೂ ಇದೇ ಬೂಷ್ಟು.

ನ್ಯೂರೊಸ್ಪೊರಕ್ಕೆ ಮುಪ್ಪಿಲ್ಲವೆಂದೇ ಬಹುಕಾಲ ತಿಳಿಯಲಾಗಿತ್ತು. ಒಂದು ಎಳೆಯನ್ನು ಕತ್ತರಿಸಿ ಹೊಸ ಆಹಾರದ ಮೇಲಿಟ್ಟರೆ ಮತ್ತೆ ಬೆಳೆಯುತ್ತದೆ. ಹೀಗೆ ವರ್ಷಗಟ್ಟಲೆ ಬೆಳೆಸಬಹುದು. ಆದರೆ ಹವಾಯಿ ದ್ವೀಪಗಳಿಂದ ತಂದ ಕೆಲವು ತಳಿಗಳು ಮಾತ್ರ ಕೆಲವು ಸಲ ಬದಲಾಯಿಸುವಷ್ಟರಲ್ಲಿ ಸೊರಗಿ ಸತ್ತವು. ಕಾರಣವನ್ನು ಹುಡುಕಿದಾಗ ಅದು ಸಿಕ್ಕಿದುದು ಮೈಟೊಕಾಂಡ್ರಿಯದಲ್ಲಿ.

ಮೈಟೊಕಾಂಡ್ರಿಯವೆಂದರೆ ಜೀವಕೋಶದ ಒಲೆ. ಆಹಾರವನ್ನು ಉರಿಸಿ ಶಕ್ತಿಯನ್ನೊದಗಿಸುವ ಈ ಒಲೆಗೆ ತನ್ನದೇ ಆದ ಸಣ್ಣ ಡಿ.ಎನ್.ಎ. ಇದೆ, ಅದು ಸಾಮಾನ್ಯವಾಗಿ ತಾಯಿಯ ಕಡೆಯಿಂದಲೇ ಮಕ್ಕಳಿಗೆ ಬರುತ್ತದೆ. ಮನುಷ್ಯನಲ್ಲಿ ಅದರ ಉದ್ದ 16,569 ಅಕ್ಷರಗಳು. ನ್ಯೂರೊಸ್ಪೊರದಲ್ಲಿ ಸುಮಾರು 65,000. ಆಲೂಗಡ್ಡೆಗೆ ರೋಗ ತರುವ ರೈಜೊಕ್ಟೋನಿಯ ಎಂಬ ಬೂಷ್ಟಿನ ಒಂದು ತಳಿಯಲ್ಲಿ 2,35,000ಕ್ಕೂ ಹೆಚ್ಚು! ಒಲೆಯ ಕೆಲಸ ಒಂದೇ ಆಗಿರುವಾಗ ಇಷ್ಟೊಂದು ಅಂತರವೇಕೆ?

ಈ ಅಂತರಕ್ಕೆ ಒಂದು ಮುಖ್ಯ ಕಾರಣ, ಕರೆಯದೆ ಬಂದ ಅತಿಥಿಗಳು. ಡಿ.ಎನ್.ಎ.ಯ ಕೆಲವು ತುಣುಕುಗಳಿಗೆ ಸಂಚಾರದ ಶಕ್ತಿಯಿದೆ. ಎರಡು ತಳಿಗಳು ಕೂಡಿದಾಗ, ಅತಿಥಿಯು ತನಗೆ ಹೊಂದುವ ಖಾಲಿ ಜಾಗವನ್ನು ಗುರುತಿಸಿ ಅಲ್ಲಿ ಎಳೆಯನ್ನು ಕತ್ತರಿಸುವ ಕತ್ತರಿಯೊಂದನ್ನು ತಾನೇ ತಯಾರಿಸುತ್ತದೆ. ಗಾಬರಿಗೊಂಡ ಕೋಶವು, ಅತಿಥಿಯಿರುವ ಎಳೆಯನ್ನೇ ಮಾದರಿಯಾಗಿಟ್ಟುಕೊಂಡು ಮುರಿದುದನ್ನು ಸರಿಪಡಿಸುತ್ತದೆ. ಅಲ್ಲಿಗೆ ಎರಡು ಮನೆಯಲ್ಲಿಯೂ ಅತಿಥಿ ನೆಲಸಿದಂತಾಯಿತು. ಇಂತಹವರಲ್ಲಿ ಅನೇಕರು ನಿರುಪದ್ರವಿಗಳು.

ಆದರೆ ಹವಾಯಿಯ ತಳಿಗಳಲ್ಲಿದ್ದುದು ಬೇರೆಯ ಜಾತಿ. ಅದು ಮೈಟೊಕಾಂಡ್ರಿಯದೊಳಗೆ ಬಿಡಿಯಾಗಿ ವಾಸಿಸುವ ಪ್ಲಾಸ್ಮಿಡ್. ಸಮಯ ಕಂಡು ಡಿ.ಎನ್.ಎ.ಯ ನಡುವೆ ನುಗ್ಗಿ ಒಲೆಯನ್ನು ಕೆಡಿಸುತ್ತದೆ. ಕೆಟ್ಟ ಒಲೆಗಳೇ ಹೆಚ್ಚಿ, ಒಳ್ಳೆಯವು ಅಳಿದು, ಬೂಷ್ಟು ಸಾಯುತ್ತದೆ. ಸಾವಿನ ಅಂಚನ್ನು ಸೂಚಿಸುವ ಹವಾಯಿ ಭಾಷೆಯ ಮಾತಿನಿಂದ ಇದಕ್ಕೆ 'ಕಲಿಲೊ' ಎಂದು ಹೆಸರಾಯಿತು. ಮುಂಬಯಿಯ ಬಳಿಯ ಆರೆಯಿಂದ ತಂದ ನ್ಯೂರೊಸ್ಪೊರದಲ್ಲಿಯೂ ಇಂತಹುದೇ ಇನ್ನೊಂದು ಸಿಕ್ಕಿತು. 1991ರಲ್ಲಿ ಪ್ರಕಟವಾದ ಅದರ ಹೆಸರು 'ಮಾರಣ್‌ಹಾರ್'. ಮರಣವನ್ನು ತರುವುದೆಂಬ ಅರ್ಥವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟರಲ್ಲಿ ನಮ್ಮ ನೆರೆಯ ಕಬ್ಬಿನ ಗದ್ದೆಯೂ ಈ ಕಥೆಯನ್ನು ಸೇರಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಮೇಶ್ ಮಾಹೇಶ್ವರಿಯವರೂ ಅವರ ಸಹೋದ್ಯೋಗಿಗಳೂ ಮಂಡ್ಯ ಜಿಲ್ಲೆಯ ಮದ್ದೂರಿನ ಸುಟ್ಟ ಗದ್ದೆಗಳಿಂದ ಈ ಕಿತ್ತಳೆ ಹುಡಿಯನ್ನು ಸಂಗ್ರಹಿಸಿ, ಅದರ ಜೀವನವೃತ್ತಾಂತವನ್ನು 1996ರಲ್ಲಿ ಪ್ರಕಟಿಸಿದರು. ದಕ್ಷಿಣ ಭಾರತದ ತಳಿಗಳಲ್ಲಿಯೂ ಮುಪ್ಪು ಕಂಡುಬಂದಿತು. ಆದರೆ ಅವರು 2000ದಲ್ಲಿ ವರ್ಣಿಸಿದ ಒಂದು ಪ್ರಕರಣದಲ್ಲಿ ಅಪರಾಧಿ ಪ್ಲಾಸ್ಮಿಡ್ ಅಲ್ಲ. ನ್ಯೂಕ್ಲಿಯಸ್ಸಿನ ಒಂದು ಜೀನ್ ಕೆಟ್ಟಿತ್ತು! ಅದು ಕೆಟ್ಟಲ್ಲಿ, ಮೈಟೊಕಾಂಡ್ರಿಯದ ಡಿ.ಎನ್.ಎ.ಯಲ್ಲಿ ಒಂದನ್ನೊಂದು ಹೋಲುವ ಚಿಕ್ಕ ಅಕ್ಷರಸಾಲುಗಳು ತಮ್ಮತಮ್ಮಲ್ಲೇ ಕೂಡಿಕೊಂಡು, ನಡುವಿನ ಭಾಗ ಕಳಚಿ ಬೀಳುತ್ತದೆ. ಒಡೆಯನ ಕಾವಲು ತಪ್ಪಿದರೆ, ಹೊರಗಿನ ಕಳ್ಳನಿಲ್ಲದೆಯೇ ಮನೆ ಹಾಳಾದಂತೆ.

ಮಾರಕವಾದ ಈ ಜೀನು ನಿಸರ್ಗದಲ್ಲಿ ಅಳಿಯದೆ ಉಳಿದುದು ಹೇಗೆ? ಈ ಬೂಷ್ಟಿನ ಒಂದೇ ಎಳೆಯಲ್ಲಿ ಅನೇಕ ನ್ಯೂಕ್ಲಿಯಸ್ಸುಗಳು ಒಟ್ಟು ಕುಟುಂಬದಂತೆ ಬಾಳುತ್ತವೆ. ಕೆಟ್ಟದರ ಕೊರತೆಯನ್ನು ಒಳ್ಳೆಯದು ತುಂಬಿಕೊಡುತ್ತದೆ. ದೋಷವು ಮರೆಯಲ್ಲಿ ಉಳಿಯುತ್ತದೆ. ಬೇರ್ಪಡಿಸಿದಾಗಲೇ ಸಾವು.

ಬೂಷ್ಟಿನ ಸಾವಿನಿಂದ ನಮಗೇನು ಎಂದು ವಾಚಕರು ಕೇಳಬಹುದು. ಮನುಷ್ಯನ ಮೈಟೊಕಾಂಡ್ರಿಯದಲ್ಲಿಯೂ ಇಂತಹುದೇ ಸಾಲುಗಳ ನಡುವಿನ ಭಾಗ ಕಳಚಿಹೋಗುವುದುಂಟು; ಕಣ್ಣನ್ನೂ ಸ್ನಾಯುವನ್ನೂ ಕುಗ್ಗಿಸುವ ಕೆಲವು ಕಠಿಣ ರೋಗಗಳಿಗೆ ಅದೇ ಕಾರಣ. ಮನುಷ್ಯನ ಮೇಲೆ ನಡೆಸಲಾಗದ ಪರೀಕ್ಷೆಯನ್ನು ಬೂಷ್ಟಿನ ಮೇಲೆ ಕೆಲವೇ ದಿನಗಳಲ್ಲಿ ನಡೆಸಬಹುದು. ನಾವು ತುಳಿದು ಸಾಗುವ ಆ ಕಿತ್ತಳೆ ಹುಡಿಯಲ್ಲಿ ನಮ್ಮ ಮುಪ್ಪಿನ ಒಗಟೂ ಒಂದಿಷ್ಟು ಅಡಗಿದೆ.