ಬಯಲು ರಂಗಕ್ಕೆ ಹಗುರವಾದ ಛಾವಣಿ

ಹನೂರು ಸೀಮೆಯ ಅಜ್ಜೀಪುರದಂತಹ ಗ್ರಾಮಗಳಲ್ಲಿ ಕಥೆ ಕೇಳುವುದಕ್ಕೆ ಬಯಲೇ ಮಂದಿರವೆಂದು ಹೇಳಬಹುದು. ದೇವರ ಗುಡ್ಡರು ಕಂಸಾಳೆ ಹಿಡಿದು ಮಾದೇಶ್ವರನ ಕಥೆಯನ್ನು ತೊಡಗಿದರೆಂದರೆ ಅದು ಬೆಳಗಿನ ಜಾವದವರೆಗೂ ಸಾಗುವುದುಂಟು. ಮಾದೇಶ್ವರನ ಬೆಟ್ಟದ ದೊಡ್ಡ ಜಾತ್ರೆಗಳಲ್ಲೊಂದು ಯುಗಾದಿಗೆ ನಡೆಯುವುದು. ಬೇಸಗೆಯ ಬಿರುಗಾಳಿಯೂ ಗುಡುಗುಮಳೆಯೂ ಈ ಸೀಮೆಗೆ ಬರತೊಡಗುವುದು ಅದೇ ಋತುವಿನಲ್ಲಿ. ಆದಕಾರಣ ರಂಗಕ್ಕೂ ಸಭೆಗೂ ನೆರಳು ಬೇಕು. ಆ ನೆರಳು ಜನರ ತಲೆಯ ಮೇಲೆ ಬೀಳದಂತೆಯೂ ಇರಬೇಕು.

ಛಾವಣಿಯೆಂದೊಡನೆ ಅದನ್ನು ಎತ್ತಿ ನಿಲ್ಲಿಸುವುದು ಹೇಗೆಂದು ನಾವು ಯೋಚಿಸುವೆವು. ಹಗುರವಾದ ಛಾವಣಿಯ ವಿಷಯದಲ್ಲಿ ಪ್ರಶ್ನೆಯು ತಿರುಗುಮುರುಗಾಗಿದೆ: ಅದನ್ನು ಹಿಡಿದು ಕೆಳಗಿರಿಸುವುದು ಹೇಗೆ? ಗಾಳಿಯ ಒತ್ತಡವು ವೇಗದ ವರ್ಗವನ್ನು ಅನುಸರಿಸುವುದು. ವೇಗವು ಇಮ್ಮಡಿಯಾದರೆ ಒತ್ತಡವು ನಾಲ್ಮಡಿಯಾಗುವುದು. ಭಾರತೀಯ ಮಾನಕದಲ್ಲಿ ಗಾಳಿಯ ಮೂಲವೇಗವನ್ನು ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರೆಂದೂ ಕೊಯಮತ್ತೂರಿಗೆ 39 ಮೀಟರೆಂದೂ ಇಟ್ಟಿರುವರು. 1956ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿದ್ದ ಕೊಳ್ಳೇಗಾಲದ ಸೀಮೆಯು ಇವೆರಡರ ನಡುವೆ ಇರುವುದು. ಕಡಿಮೆಯ ಸಂಖ್ಯೆಯನ್ನೇ ಹಿಡಿದರೂ ಒತ್ತಡವು ಚದರ ಮೀಟರಿಗೆ ಸುಮಾರು 66 ಕಿಲೋಗ್ರಾಂ ತೂಕದಷ್ಟಾಗುವುದು.

ಹನ್ನೆರಡು ಮೀಟರು ಅಗಲ, ಹದಿನೈದು ಮೀಟರು ಉದ್ದದ ತಗಡಿನ ಛಾವಣಿಯೊಂದನ್ನು ನಾಲ್ಕು ಕಂಬಗಳ ಮೇಲೆ ಕಟ್ಟಿದೆವೆಂದು ಭಾವಿಸೋಣ. ತಗಡು, ಕಬ್ಬಿಣದ ಚೌಕಟ್ಟು ಎಲ್ಲ ಸೇರಿ ಚದರ ಮೀಟರಿಗೆ 15 ಕಿಲೋಗ್ರಾಂ ಹಿಡಿದರೆ ಒಟ್ಟು ತೂಕವು 2.7 ಟನ್ನು. ಸುತ್ತಲೂ ಗೋಡೆಯಿಲ್ಲದ ಇಂತಹ ಕಟ್ಟಡದಲ್ಲಿ ಗಾಳಿಯು ಕೆಳಗಿನಿಂದ ತಳ್ಳುವುದು, ಮೇಲಿನಿಂದ ಹೀರುವುದು. ಈ ಪೂರ್ಣ ಒತ್ತಡವೇ ಮೇಲ್ಮುಖವಾಯಿತೆಂದರೆ ಎತ್ತುವ ಬಲವು ಸುಮಾರು 12 ಟನ್ನು. ಉಳಿದ ಒಂಬತ್ತು ಟನ್ನಿಗೂ ಮಿಕ್ಕ ಸೆಳೆತವನ್ನು ತಳಪಾಯವೇ ತಡೆಯಬೇಕು. ಕೇವಲ ಸರಿದೂಗಿಸುವುದಕ್ಕೇ ಪ್ರತಿಯೊಂದು ಕಂಬದಡಿಯಲ್ಲಿ ಒಂದು ಘನ ಮೀಟರಿನಷ್ಟು ಕಾಂಕ್ರೀಟು ಬೇಕು. ಗಾಳಿಯ ಬಲವನ್ನು ಒಂದೂವರೆ ಮಡಿಯೆಂದು ಎಣಿಸಿದರೆ 1.6 ಘನ ಮೀಟರು. ಛಾವಣಿಗೆ ಹಣ ಸುರಿದು ಗುಂಡಿಯಲ್ಲಿ ಉಳಿತಾಯ ಮಾಡುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ನಮ್ಮ ಹಳೆಯ ಚಪ್ಪರವು ಈ ಸಮಸ್ಯೆಯನ್ನು ಬೇರೊಂದು ದಾರಿಯಿಂದ ಬಿಡಿಸಿಕೊಂಡಿದೆ. ಹೆಣೆದ ತೆಂಗಿನ ಗರಿಗಳ ಸಂದಿಯಲ್ಲಿ ಗಾಳಿಯು ನುಸುಳಿಹೋಗುವುದರಿಂದ ಮೇಲಿನ ಮತ್ತು ಕೆಳಗಿನ ಒತ್ತಡಗಳ ಅಂತರವು ಕುಗ್ಗುವುದು. ಹಲವು ಗಳುಗಳು ಹಲವು ಗುಂಡಿಗಳಲ್ಲಿ ನಿಂತು ಸೆಳೆತವನ್ನು ಹಂಚಿಕೊಳ್ಳುವುವು. ಹಗ್ಗದ ಕಟ್ಟುಗಳು ಮುರಿಯದೆ ಸ್ವಲ್ಪ ಜಗ್ಗುವುವು. ಗಾಳಿ ಮಿತಿಮೀರಿದರೆ ಮೊದಲು ಹಾರುವುದು ಗರಿ. ಹಾರಿದ ಗರಿಗೂ ಹಾರಿದ ತಗಡಿಗೂ ಇರುವ ಭೇದವನ್ನು ಕೆಳಗೆ ಕುಳಿತವರಿಗೆ ವಿವರಿಸಬೇಕಾಗಿಲ್ಲ. ಆದರೆ ಮಳೆ ಜೋರಾದರೆ ಚಪ್ಪರವು ಸೋರುವುದು, ಬೆಂಕಿಗೆ ಹೆದರುವುದು, ಒಂದೆರಡು ವರ್ಷಗಳಿಗೆ ಜೀರ್ಣವಾಗುವುದು. ತಗಡು ಸೋರದು ನಿಜ; ಆದರೆ ಅದರ ಮೇಲೆ ಮಳೆ ಬೀಳುವಾಗ ಕಂಸಾಳೆಯ ದನಿಯೇ ಕೇಳಿಸದು!

ಮೂರನೆಯ ದಾರಿಯೊಂದುಂಟು. 1955ರಲ್ಲಿ ಜರ್ಮನಿಯ ಕಾಸೆಲ್ ನಗರದ ಉದ್ಯಾನ ಪ್ರದರ್ಶನದಲ್ಲಿ ಫ್ರೈ ಒಟ್ಟೊ ಎಂಬ ವಾಸ್ತುಶಿಲ್ಪಿಯು ಸಂಗೀತಗಾರರ ಮೇಲೆ ಹತ್ತಿಯ ಬಟ್ಟೆಯ ಹೊದಿಕೆಯೊಂದನ್ನು ಬಿಗಿದನು. ಎರಡು ಎದುರುಮೂಲೆಗಳು ಮೇಲೆ, ಎರಡು ಕೆಳಗೆ. ನಡುವೆ ಬಟ್ಟೆಯು ಕುದುರೆಯ ಜೀನಿನಂತೆ ಬಾಗುವುದು. ಮೇಲಿನ ಮೂಲೆಗಳ ನಡುವೆ ಜೋತ ಎಳೆಗಳು ಭಾರವನ್ನು ಹೊರುವುವು; ಕೆಳಗಿನ ಮೂಲೆಗಳ ನಡುವೆ ಕಮಾನಿನಂತೆ ಬಾಗಿದ ಎಳೆಗಳು ಗಾಳಿಯು ಎತ್ತದಂತೆ ಹಿಡಿಯುವುವು. ಮೊದಲೇ ಬಿಗಿದಿರುವುದರಿಂದ ಬಟ್ಟೆಯು ಪಟಪಟಿಸದು. ಬಿಗಿ ಸಡಿಲಿದರೆ ಮಾತ್ರ ಮಳೆಯ ನೀರು ಮಡುಗಟ್ಟಿ, ಆ ಭಾರಕ್ಕೆ ಮತ್ತಷ್ಟು ಜೋತು, ಮತ್ತಷ್ಟು ನೀರನ್ನು ಕರೆಯುವುದು.

ಬಟ್ಟೆಯು ಹಗುರವೆಂದು ಗಾಳಿಯ ಲೆಕ್ಕವು ತಪ್ಪುವುದಿಲ್ಲ; ಸೆಳೆತವೆಲ್ಲ ಮೂಲೆಗಳಿಗೆ, ಅಲ್ಲಿಂದ ಕಂಬ ಹಗ್ಗಗಳಿಗೆ, ಕೊನೆಗೆ ಗೂಟಗಳಿಗೆ ಇಳಿಯುವುದು. ಅಜ್ಜೀಪುರದಂತಹ ಊರಿಗೆ ನನ್ನ ಮಟ್ಟಿಗೆ ತೋರುವುದಿಷ್ಟು: ಗುಂಡಿಗಳೂ ಗೂಟಗಳೂ ಶಾಶ್ವತವಾಗಿರಲಿ, ಬಟ್ಟೆಯನ್ನು ಜಾತ್ರೆಯ ದಿನಗಳಲ್ಲಿ ಮಾತ್ರ ಬಿಗಿಯಲಿ, ಮೋಡ ಕಪ್ಪಾಗಿ ಗಾಳಿ ಎದ್ದಾಗ ಜನರನ್ನು ಹೊರಕ್ಕೆ ಕಳುಹಿಸಿ ಅದನ್ನು ಇಳಿಸುವ ಹೊಣೆಯು ಯಾರದೆಂಬುದನ್ನು ಕಥೆ ತೊಡಗುವ ಮುನ್ನವೇ ನಿಶ್ಚಯಿಸಿರಲಿ.