ಚಂದನಕ್ಕೆ ದುಡ್ಡು ಯಾರು ಕೊಡ್ಬೇಕು?

ಯಡಿಯೂರಿನ ನಮ್ಮ ರೂಮಿನ ಕೆಳಗಡೆ ಓನರ್ ಆಂಟಿ ರಾತ್ರಿ ತಪ್ಪದೆ ಚಂದನದಲ್ಲಿ 'ಥಟ್ ಅಂತ ಹೇಳಿ' ಹಾಕ್ತಾರೆ. 2002ರಲ್ಲಿ ಶುರುವಾದ, ಡಾ. ನಾ. ಸೋಮೇಶ್ವರ ನಡೆಸೋ ಕ್ವಿಜ್, ಬಹುಮಾನ ಪುಸ್ತಕ. ಟಿಆರ್‌ಪಿ ನಂಬಿದ ಚಾನೆಲ್‌ನಲ್ಲಿ ಇದು ಇಷ್ಟು ವರ್ಷ ಉಳೀತಿತ್ತಾ? ನನಗಂತೂ ಅನುಮಾನ.

ಹಾಗಾದ್ರೆ ಖರ್ಚು ಯಾರದ್ದು? ಬ್ರಿಟನ್ನಿನಲ್ಲಿ ಬಿಬಿಸಿಗೆ ಟಿವಿ ನೋಡೋ ಮನೆಗಳೇ ಲೈಸೆನ್ಸ್ ಶುಲ್ಕ ಕಟ್ಟುತ್ತವೆ. ನಮ್ಮಲ್ಲೂ ಅಂಥ ಲೈಸೆನ್ಸ್ ಇತ್ತು, 1980ರ ದಶಕದಲ್ಲಿ ರದ್ದಾಯ್ತು. ಈಗ ಚಂದನವನ್ನು ನಡೆಸೋ ಪ್ರಸಾರ ಭಾರತಿಗೆ ಜಾಹೀರಾತಿನ ಹಣ ಬರುತ್ತೆ. ಡಿಡಿ ಫ್ರೀ ಡಿಶ್‌ನಲ್ಲಿ ಖಾಸಗಿ ಚಾನೆಲ್‌ಗಳಿಗೆ ಸ್ಲಾಟ್ ಹರಾಜು ಹಾಕಿಯೂ ಬರುತ್ತೆ. ಅದು ಸಾಲದು. ಸಂಬಳಕ್ಕೆ ಕೇಂದ್ರದ ಅನುದಾನವೇ ಆಧಾರ.

ತಕರಾರು ಇರೋದೇ ಇಲ್ಲಿ. 1990ರಲ್ಲಿ ಪಾಸಾಗಿ 1997ರಲ್ಲಿ ಜಾರಿಯಾದ ಕಾಯ್ದೆಯ ಪ್ರಕಾರ ಪ್ರಸಾರ ಭಾರತಿ ಸ್ವಾಯತ್ತ ಸಂಸ್ಥೆ. ಆದರೆ ಸಂಬಳ ಕೊಡೋರನ್ನೇ ಸುದ್ದಿಯಲ್ಲಿ ಪ್ರಶ್ನೆ ಮಾಡೋದು ಹೇಗೆ? (ಫೀಸ್ ಕಟ್ಟೋ ಅಪ್ಪನ ಎದುರು ನಾವೆಷ್ಟು ಮಾತಾಡ್ತೀವಿ, ಹೇಳಿ!) ಹಾಗಂತ ಅನುದಾನ ನಿಲ್ಲಿಸಿದರೆ ಮೊದಲು ಕತ್ತರಿ ಬೀಳೋದು ಸುದ್ದಿಗಲ್ಲ, ಜಾಹೀರಾತು ಸಿಗದ ಇಂಥ ಕ್ವಿಜ್‌ಗೆ, ಕೃಷಿ ಕಾರ್ಯಕ್ರಮಕ್ಕೆ. ನನ್ನ ಕೇಳಿದ್ರೆ, ದುಡ್ಡು ಸರ್ಕಾರದ್ದೇ ಇರಲಿ. ಆದರೆ ಐದು ವರ್ಷದ ಮೊತ್ತ ಸಂಸತ್ತಿನಲ್ಲಿ ಒಮ್ಮೆಗೇ ನಿಗದಿಯಾಗಲಿ. ಪ್ರತಿ ಬಜೆಟ್‌ಗೂ ಸಚಿವಾಲಯದ ಬಾಗಿಲು ಕಾಯೋದಾದರೂ ತಪ್ಪುತ್ತೆ.